ಹಿಂದಿನ ಸೀಟಿನ ಮೇಡಂ

ನನ್ನ ಹೆಂಡತಿಯ ಹೆಸರು ಹೇಳಿ ಕೇಳಿದರೆ ನಮ್ಮ ಬಡಾವಣೆಯಲ್ಲಿ ಯಾರೂ ಮನೆ ತೋರಿಸಲಾರರು. ‘ಬ್ರೇಕ್ ಮೇಡಂ ಮನೆ ಯಾವುದು’ ಎಂದು ಕೇಳಿ ನೋಡಿ, ಔಷಧಿ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಬೀದಿಗೆ ಬಂದು ನಮ್ಮ ಎರಡನೇ ಮಹಡಿಯ ಕಿಟಕಿಗೆ ಬೆರಳು ತೋರಿಸುತ್ತಾನೆ. ಹದಿನಾಲ್ಕು ವರ್ಷದಿಂದ ಅವಳು ಹೆಂಗಸರಿಗೆ ಮೋಟಾರ್ ಸೈಕಲ್ ಓಡಿಸಲು ಕಲಿಸುತ್ತಿದ್ದಾಳೆ. ಕಾಲೇಜಿನ ಹುಡುಗಿಯರು, ರಾತ್ರಿ ಪಾಳಿಯ ನರ್ಸುಗಳು, ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಯಾರ ಹಂಗೂ ಬೇಡವೆಂದು ಹಟ ಹಿಡಿದ ಅರವತ್ತು ದಾಟಿದ ಒಬ್ಬ ಅಜ್ಜಿ, ಎಲ್ಲರೂ ಅವಳ ಶಿಷ್ಯೆಯರೇ.

ಪಾಠ ನಡೆಯುವುದು ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಬಯಲಿನಲ್ಲಿ. ಬೇರೆ ಕಡೆ ಕಲಿಸುವವರು ಹಿಂದೆ ಕೂತು, ಕಲಿಯುವವರ ತೋಳಿನ ಪಕ್ಕದಿಂದ ಕೈ ಚಾಚಿ ಹ್ಯಾಂಡಲ್ ಹಿಡಿದುಕೊಂಡುಬಿಡುತ್ತಾರೆ. ಇವಳು ಹಾಗಲ್ಲ. ಹಿಂದಿನ ಸೀಟಿನಲ್ಲಿ ಕೂತ ತಕ್ಷಣ ಎರಡೂ ಕೈಯನ್ನು ಬೆನ್ನ ಹಿಂದಿನ ಕಬ್ಬಿಣದ ಹಿಡಿಕೆಗೆ ಕೊಟ್ಟುಬಿಡುತ್ತಾಳೆ. ಆಮೇಲೆ ಆಕಾಶವೇ ಕಳಚಿ ಬಿದ್ದರೂ ಕೈ ಅಲ್ಲಿಂದ ಕದಲುವುದಿಲ್ಲ. “ನನ್ನ ಕೈ ಮುಂದೆ ಬಂತು ಅಂದ್ರೆ ನಿನ್ನ ಕೈ ಯಾವತ್ತೂ ಕಲಿಯಲ್ಲ” ಎಂಬುದು ಅವಳ ಮೊದಲ ಪಾಠ. ಉಳಿದದ್ದೆಲ್ಲ ಬಾಯಿಯ ಕೆಲಸ. “ಕ್ಲಚ್ ಹಿಡಿ. ನಿಧಾನ ಬಿಡು. ಬಿಡು ಅಂದೆ, ಬಿಸಾಕು ಅನ್ಲಿಲ್ಲ!” ಎನ್ನುತ್ತಾ ಹೋಗಿ, ಗೋಡೆ ಹತ್ತಿರ ಬರುತ್ತಿದ್ದ ಹಾಗೆ “ಬ್ರೇಕ್!” ಎಂದು ಕೂಗುವಳು. ಆ ಕೂಗಿಗೆ ಬಯಲಿನ ಪಾರಿವಾಳಗಳು ಹಾರುತ್ತಿದ್ದವು, ಗೇಟಿನ ಕಾವಲುಗಾರ ನಿದ್ದೆಯಿಂದೇಳುತ್ತಿದ್ದ. ಹೆಸರು ಬಂದದ್ದು ಅಲ್ಲಿಂದ.

ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವನು. ಹುಟ್ಟಾ ಪುಕ್ಕಲ, ಮುಚ್ಚುಮರೆ ಏನಿಲ್ಲ. ಅವಳು ಹತ್ತು ನಿಮಿಷ ತಡವಾದರೆ ಹನ್ನೊಂದನೇ ನಿಮಿಷಕ್ಕೆ ನಾನು ಕಿಟಕಿಯಲ್ಲಿ ನಿಂತಿರುತ್ತಿದ್ದೆ. “ನಿಮಗೆ ದೇವರು ಕಣ್ಣು ಕೊಟ್ಟಿದ್ದೇ ದಾರಿ ಕಾಯಕ್ಕೆ” ಎಂದು ಅವಳು ರೇಗಿಸುವಳು. ನನ್ನ ಭಯಕ್ಕೆ ಒಂದೇ ಒಂದು ಸಮಾಧಾನವೆಂದರೆ ಅವಳ ಗಾಡಿ ನನ್ನ ಭಾಮೈದನ ಕೈಯಲ್ಲಿತ್ತು.

ಭಾಮೈದ ಮೆಕ್ಯಾನಿಕ್. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಇವಳಿಗೆ ಇಪ್ಪತ್ತು. ಉಣ್ಣಿಸಿ, ಗದರಿಸಿ, ಶಾಲೆಗೆ ಅಟ್ಟಿ ಬೆಳೆಸಿದವಳು ಇವಳೇ. ಓದು ತಲೆಗೆ ಹತ್ತಲಿಲ್ಲ, ಸ್ಪ್ಯಾನರ್ ಕೈಗೆ ಹತ್ತಿತು. ಎರಡು ಶಟರಿನ ಒಂದು ವರ್ಕ್‌ಶಾಪು, ಅದರ ಹಿಂದೆ ಒಂದು ಕೋಣೆ, ಅದೇ ಅವನ ಸಂಸಾರ. ಮಾತು ಕಡಿಮೆ. ಅಕ್ಕನ ಗಾಡಿಯನ್ನು ಮಾತ್ರ ತಿಂಗಳಿಗೊಮ್ಮೆ ಬಿಚ್ಚಿ, ತೊಳೆದು, ಕೂರಿಸಿ, ತಾನೇ ಒಂದು ಸುತ್ತು ಓಡಿಸಿ ನೋಡಿ, ಮನೆ ಮುಂದೆ ತಂದು ನಿಲ್ಲಿಸಿ ಹೋಗುತ್ತಿದ್ದ. ಆ ಸೋಮವಾರವೂ ಹಾಗೇ ಮಾಡಿದ. ಬ್ರೇಕ್ ಶೂ ಸವೆದಿವೆ ಎಂದು ಹಿಂದೆ ಮುಂದೆ ಎರಡೂ ಕಡೆ ಹೊಸದು ಹಾಕಿದ್ದ.

ಬುಧವಾರ ಮಧ್ಯಾಹ್ನ ಎರಡೂವರೆಗೆ ನಾನು ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಫೋನೆತ್ತುವ ಮೊದಲೇ ನನ್ನ ಎದೆ ಧಸಕ್ಕೆಂದಿತು. ಸಾವಿರ ಸಲ ಸುಮ್ಮಸುಮ್ಮನೆ ಧಸಕ್ಕೆಂದ ಎದೆ ಅದು, ಆವತ್ತು ಮಾತ್ರ ಅದು ಹೇಳಿದ್ದೇ ನಿಜವಾಯಿತು. ಪಾಠ ಮುಗಿಸಿ ಒಬ್ಬಳೇ ಮನೆಗೆ ಬರುತ್ತಿದ್ದಾಗ ಅಡ್ಡರಸ್ತೆಯಿಂದ ಬ್ರೆಡ್ಡಿನ ವ್ಯಾನೊಂದು ಹಿಂದಕ್ಕೆ ಬಂದಿತ್ತು. ಇವಳು ನೇರ ಹೋಗಿ ಅದರ ಹೊಟ್ಟೆಗೆ ಗುದ್ದಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ವ್ಯಾನಿನ ಡ್ರೈವರ್ ನಿಂತಿದ್ದ. ಪಾಪ, ಓಡಿಹೋಗದೆ ಇವಳನ್ನು ಎತ್ತಿಕೊಂಡು ಬಂದಿದ್ದವನು ಅವನೇ. “ನಾನು ನಿಧಾನವಾಗೇ ರಿವರ್ಸ್ ತಗೋತಿದ್ದೆ ಸಾರ್. ಅವ್ರು ತುಂಬ ದೂರದಲ್ಲಿದ್ರು. ನಿಲ್ಲಿಸ್ತಾರೆ ಅಂದ್ಕೊಂಡೆ. ಬ್ರೇಕ್ ಬ್ರೇಕ್ ಅಂತ ಕೂಗ್ತಾನೇ ಬಂದ್ಬಿಟ್ರು ಸಾರ್. ಬ್ರೇಕ್ ಫೇಲ್ ಆಗಿತ್ತು ಅನ್ಸತ್ತೆ.”

ಅಷ್ಟು ಸಾಕಾಯಿತು ನನಗೆ. ಬಲತೊಡೆಯ ಮೂಳೆ ಎರಡು ತುಂಡು, ಎಡ ಪಕ್ಕೆಲುಬಿನಲ್ಲಿ ಬಿರುಕು ಎಂದು ಡಾಕ್ಟರು ಹೇಳಿ ಒಳಗೆ ಹೋದರು. ಅದೇ ಹೊತ್ತಿಗೆ ಭಾಮೈದ ಗ್ರೀಸು ಮೆತ್ತಿದ ಕೈಯಲ್ಲೇ ಕಾರಿಡಾರಿಗೆ ಓಡಿ ಬಂದ. “ಅಕ್ಕ ಹೇಗಿದ್ದಾಳೆ ಭಾವ?” ಎಂದ. ನಾನು ಹೇಗಿದ್ದಾಳೆಂದು ಹೇಳಲಿಲ್ಲ. “ಏನು ಹಾಕಿದ್ಯೋ ಸೋಮವಾರ? ಬ್ರೇಕ್ ಹಾಕಿದ್ಯೋ ಇಲ್ಲ ಅವಳಿಗೆ ಗುಂಡಿ ತೋಡಿದ್ಯೋ? ಊರವರ ಗಾಡಿ ಸರಿ ಮಾಡ್ತೀಯ, ಸಾಕಿದ ಅಕ್ಕನ ಗಾಡೀಲಿ ನಿನ್ನ ಕೈಗೆ ಏನಾಗಿತ್ತು ರೋಗ?” ಎಂದು ಕೂಗಿದೆ. ನರ್ಸುಗಳು, ಜನ, ಎಲ್ಲರೂ ನೋಡುತ್ತಿದ್ದರು. ಅವನು ತನ್ನ ಎರಡೂ ಅಂಗೈಯನ್ನು ಒಮ್ಮೆ ನೋಡಿಕೊಂಡು, ಅಂಗಿಗೆ ಒರೆಸಿಕೊಂಡು, ಗೋಡೆಗೆ ಒರಗಿ ನಿಂತ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ನನ್ನಂಥವರಿಗಾಗಿಯೇ.

ಎರಡು ದಿನದ ಮೇಲೆ ಅವಳಿಗೆ ಪೂರ್ತಿ ಎಚ್ಚರವಾಯಿತು. “ಬ್ರೇಕ್ ಫೇಲ್ ಆಯ್ತಂತಲ್ಲೇ?” ಎಂದು ನಾನೇ ಕೇಳಿದೆ. ಅವಳು ನನ್ನನ್ನು ನೋಡಿದಳು. ನನ್ನ ಹಿಂದೆ ನಿಂತಿದ್ದ ತಮ್ಮನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು “ಹೂಂ” ಎಂದಳು.

ಭಾಮೈದ ಜಖಂ ಆದ ಗಾಡಿಯನ್ನು ವರ್ಕ್‌ಶಾಪಿಗೆ ತಂದು ಬಿಚ್ಚಿ ನೋಡಿದ. ಹೊಸ ಶೂಗಳು ನೆಟ್ಟಗಿದ್ದವು. ಆದರೆ ಮುಂದಿನ ಬ್ರೇಕಿನ ಕೇಬಲ್ ತುಂಡಾಗಿತ್ತು, ಹಿಂದಿನ ಬ್ರೇಕಿನ ಪೆಡಲಿನ ಸರಳು ಕಳಚಿತ್ತು. ಬಿದ್ದ ಮೇಲೆ ತುಂಡಾಯಿತೋ, ಮೊದಲೇ ತುಂಡಾಗಿ ಬಿದ್ದಳೋ? ಆ ಪ್ರಶ್ನೆಗೆ ಕಬ್ಬಿಣ ಉತ್ತರ ಹೇಳುವುದಿಲ್ಲ. ತುಂಡಾದ ಕೇಬಲನ್ನು ಅವನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದ. ಆಗಾಗ ಹೊರಗೆ ತೆಗೆದು ಅದರ ತುದಿಯ ಎಳೆಗಳನ್ನು ಬೆಳಕಿಗೆ ಹಿಡಿದು ನೋಡುವನು.

ಮೂರು ವಾರಕ್ಕೆ ಅವಳನ್ನು ಮನೆಗೆ ಕರೆತಂದೆವು. ತೊಡೆಯೊಳಗೆ ಒಂದು ಉಕ್ಕಿನ ಸರಳು, ಕಂಕುಳಿಗೆ ಎರಡು ಊರುಗೋಲು. ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ, ಮೂವತ್ತಾರು ಮೆಟ್ಟಿಲು. ವಾರಕ್ಕೆ ನಾಲ್ಕು ದಿನ ವ್ಯಾಯಾಮಕ್ಕೆ ಹೋಗಬೇಕು. ಹತ್ತು ಗಂಟೆಗೆ ಸರಿಯಾಗಿ ಭಾಮೈದ ಬಾಗಿಲು ತಟ್ಟುವನು. ಒಳಗೆ ಬಂದವನು ಮೊದಲು ಊರುಗೋಲುಗಳ ತಿರುಪು ತಿರುವಿ ನೋಡುವನು, ತಳದ ರಬ್ಬರು ಎಳೆದು ನೋಡುವನು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಅಕ್ಕನ ಮುಂದೆ ಒಂದು ಮೆಟ್ಟಿಲು ಕೆಳಗೆ, ಅವಳಿಗೆ ಮುಖ ಮಾಡಿ ನಿಂತು, ಹಿಂದಕ್ಕೆ ಹಿಂದಕ್ಕೆ ಇಳಿಯುವನು. “ಬಾ ಅಕ್ಕ. ಇನ್ನೊಂದು. ಇನ್ನೊಂದು.” ನಾನು ಮೇಲಿನಿಂದ ನೋಡುತ್ತಾ ಮೂವತ್ತಾರು ಸಲ ಜೀವ ಬಾಯಿಗೆ ತಂದುಕೊಳ್ಳುತ್ತಿದ್ದೆ.

ವ್ಯಾಯಾಮ ಮಾಡಿಸುವ ಹೆಂಗಸು ಸಣಕಲು ಜೀವ, ಹಿಡಿತ ಮಾತ್ರ ಇಕ್ಕಳದ್ದು. ಮೊಣಕಾಲನ್ನು ಇಂಚಿಂಚಾಗಿ ಬಗ್ಗಿಸುವಳು. “ಅಳೋದಾದ್ರೆ ಅಳಿ, ಕಾಲು ಮಾತ್ರ ಬಿಗಿ ಹಿಡೀಬೇಡಿ” ಎನ್ನುವಳು. ಊರನ್ನೆಲ್ಲ ಗದರಿಸಿದವಳಿಗೆ ಈಗ ಗದರಿಸಿಕೊಳ್ಳುವ ಸರದಿ. ಅವಳು ಹಲ್ಲು ಕಚ್ಚಿ ಬಗ್ಗಿಸುತ್ತಿದ್ದಳು. ಕಾಲು ದಿನದಿಂದ ದಿನಕ್ಕೆ ಸುಧಾರಿಸಿತು. ಮನಸ್ಸು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ತಮ್ಮ ಬಾಗಿಲು ತಟ್ಟುವ ಹೊತ್ತಾದರೆ ಅವಳ ಮುಖ ಕಪ್ಪಿಡುತ್ತಿತ್ತು. ಅವನು ಊರುಗೋಲು ಪರೀಕ್ಷಿಸುವಾಗ ಗೋಡೆ ಕಡೆ ತಿರುಗುತ್ತಿದ್ದಳು. ಅವನ ಮೇಲೆ ಅಸಮಾಧಾನ, ತೋರಿಸಿಕೊಳ್ಳುತ್ತಿಲ್ಲ ಎಂದು ನಾನು ತಿಳಿದೆ. ಜಗತ್ತಿಗೆಲ್ಲ ಕನ್ನಡಕ ಕೊಡುವವನಿಗೆ ಮನೆಯೊಳಗಿನದು ಕಾಣಲಿಲ್ಲ.

ಅತ್ತ ವರ್ಕ್‌ಶಾಪು ಸೊರಗುತ್ತಿತ್ತು. ಒಂದು ಗಂಟೆಯ ಕೆಲಸಕ್ಕೆ ಭಾಮೈದ ಒಂದು ದಿನ ತೆಗೆದುಕೊಳ್ಳುತ್ತಿದ್ದ. ಬಿಗಿದ ನಟ್ಟನ್ನು ಬಿಚ್ಚಿ ಮತ್ತೆ ಬಿಗಿಯುವನು. ಗಿರಾಕಿ ಗಾಡಿ ಹತ್ತಿ ಹೊರಟ ಮೇಲೆ ರಸ್ತೆಯ ತಿರುವಿನವರೆಗೆ ಹಿಂದೆ ಓಡಿ, “ಸಾರ್, ಒಂದ್ನಿಮಿಷ ನಿಲ್ಸಿ, ಒಂದ್ಸಲ ನೋಡ್ಬಿಡ್ತೀನಿ” ಎನ್ನುವನು. ಯಾರು ತಾನೇ ಅಂಥವನ ಹತ್ತಿರ ಗಾಡಿ ಬಿಡುತ್ತಾರೆ? ಬ್ರೇಕಿನ ಕೆಲಸವನ್ನಂತೂ ಒಪ್ಪಿಕೊಳ್ಳುವುದನ್ನೇ ಬಿಟ್ಟ. ಮಾತಿನ ನಡುವೆ ಎಡಗೈ ಬಲಗೈಯನ್ನು ಹಿಡಿದುಕೊಂಡಿರುತ್ತಿತ್ತು.

ನಾಲ್ಕನೇ ತಿಂಗಳ ಒಂದು ಶನಿವಾರ ಅಕ್ಕನನ್ನು ಮೆಟ್ಟಿಲು ಹತ್ತಿಸಿ ಕೂರಿಸಿದ ಮೇಲೆ ಬಾಗಿಲಲ್ಲೇ ನಿಂತು ಹೇಳಿದ: “ವರ್ಕ್‌ಶಾಪ್ ಮುಚ್ಚಿಬಿಡ್ತಿದ್ದೀನಿ. ಒಂದನೇ ತಾರೀಕಿಂದ ಗೋದಾಮಲ್ಲಿ ಕೆಲಸ. ಡಬ್ಬ ಎತ್ತಿ ಇಡೋದು. ಅದ್ರಲ್ಲಿ ಯಾರ ಜೀವಕ್ಕೂ ಏನೂ ಆಗಲ್ಲ.” ನಾನು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅವನು ಇಳಿದು ಹೋಗಿದ್ದ. ಹೆಂಡತಿ ಅವತ್ತು ಊಟ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆ. “ರೀ, ಬ್ರೇಕ್ ಸರಿಯಾಗಿತ್ತು” ಎಂದಳು.

“ಯಾವ ಬ್ರೇಕು?”

“ನನ್ನದು. ಆವತ್ತಿನದು. ನಾನು ಒತ್ತಲೇ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಾ ಹೇಳಿದಳು. ಮರುದಿನ ಲೈಸೆನ್ಸ್ ಪರೀಕ್ಷೆ ಇತ್ತೆಂದು ಬೆಳಿಗ್ಗೆ ಆರರಿಂದ ಆರು ಜನರ ಹಿಂದೆ ಕೂತಿದ್ದಳು. ತಲೆ ತುಂಬ ಅವರದೇ ಗೇರು, ಅವರದೇ ಕ್ಲಚ್ಚು. ಮನೆಗೆ ಬರುವಾಗ ದೂರದಲ್ಲೇ ವ್ಯಾನ್ ಕಂಡಿತು. ಸಾಕಷ್ಟು ಜಾಗವಿತ್ತು. ಅವಳು “ಬ್ರೇಕ್!” ಎಂದು ಕೂಗಿದಳು. ಕೂಗಿ, ಮುಂದೆ ಕೂತವಳು ಒತ್ತಲಿ ಎಂದು ಕಾದಳು. ವ್ಯಾನ್ ಹತ್ತಿರವಾಯಿತು. ಇನ್ನೂ ಜೋರಾಗಿ ಕೂಗಿದಳು. ಈ ಹುಡುಗಿ ಯಾಕೆ ಒತ್ತುತ್ತಿಲ್ಲ ಎಂದು ಸಿಟ್ಟು ಕೂಡ ಬಂತಂತೆ. ಮುಂದೆ ಕೂತವಳು ತಾನೇ ಎಂದು ಹೊಳೆಯುವಷ್ಟರಲ್ಲಿ ವ್ಯಾನಿನ ಮೇಲೆ ಬರೆದಿದ್ದ ಅಕ್ಷರಗಳು ಮೂಗಿನ ಮುಂದೆ ಇದ್ದವು.

“ಹದಿನಾಲ್ಕು ವರ್ಷ ಬ್ರೇಕ್ ಅಂದಾಗೆಲ್ಲ ಕೈ ಕದಲಿಸಬೇಡ ಅಂತ ಕೈಗೆ ಹೇಳ್ಕೊಟ್ಟಿದ್ದೀನಿ ಕಣ್ರೀ. ಅದು ಪಾಠ ಕಲಿತುಬಿಟ್ಟಿದೆ.”

ನಗುವ ಮಾತಾಗಿದ್ದರೆ ನಗಬಹುದಿತ್ತು. ಮಡಿಸಿದ ಬಟ್ಟೆಯನ್ನು ನಾನು ಮತ್ತೆ ಬಿಚ್ಚುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದವನು ನಾನು. ಕಬ್ಬಿಣ ಕಾಯಿಸಿದ್ದು ಕೂಡ ನಾನೇ. “ಆಸ್ಪತ್ರೇಲೇ ಯಾಕೆ ಹೇಳ್ಲಿಲ್ಲ?” ಎಂದು ಕೂಗಿದೆ.

“ಹೇಗೆ ಹೇಳ್ಲಿ? ಬ್ರೇಕ್ ಮೇಡಂ ಬ್ರೇಕ್ ಹಾಕೋದನ್ನ ಮರೆತು ಬಿದ್ಲು ಅಂದ್ರೆ ಯಾರು ತಮ್ಮ ಮಕ್ಕಳನ್ನ ಕಳಿಸ್ತಾರೆ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ದಿನಾ ಅವನು ಬಂದು ಕೋಲು ಮುಟ್ಟಿ ನೋಡ್ತಿದ್ನಲ್ಲ, ಆಗ ಬಾಯಿ ಇನ್ನೂ ಕಟ್ಟಿಹೋಗ್ತಿತ್ತು.” ತನ್ನ ಬಲಗೈ ನೋಡಿಕೊಂಡು ಹೇಳಿದಳು: “ಇನ್ನೊಂದಿದೆ. ಈಗಲೂ ಕಣ್ಣು ಮುಚ್ಚಿದ್ರೆ ವ್ಯಾನ್ ಬರತ್ತೆ. ಈಗಲೂ ಬಾಯೇ ಮೊದಲು ಕೂಗತ್ತೆ. ಕೈ ಸುಮ್ನಿರತ್ತೆ. ನಂಗೆ ಭಯ ಆಗ್ತಿದೆ ಕಣ್ರೀ.”

ಇಲ್ಲಿ ನಾನು ಮಾಡಿದ್ದನ್ನು ಬರೆಯದೆ ಹೋದರೆ ಈ ಕಥೆ ಸುಳ್ಳಾಗುತ್ತದೆ. ನಾನು ಬಾಗಿಲು ಭದ್ರ ಮಾಡಿ ಬಂದು ದನಿ ತಗ್ಗಿಸಿ, “ಇರ್ಲಿ ಬಿಡು. ಹೇಗೂ ಅವನಿಗೆ ಗೋದಾಮಲ್ಲಿ ಕೆಲಸ ಸಿಕ್ಕಿದೆ. ಈಗ ಹೇಳಿದ್ರೆ ನಿನ್ನ ಕೆಲಸಾನೂ ಹೋಗತ್ತೆ, ಅವನ ಮನಸ್ಸೂ ಒಡೆಯತ್ತೆ” ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನ ಮನಸ್ಸಿನ ಚಿಂತೆಯಲ್ಲ ಅದು. ಕಾರಿಡಾರಿನಲ್ಲಿ ಅಷ್ಟು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ನುಂಗಬೇಕಲ್ಲ ಎಂಬ ಹೆದರಿಕೆ. ಅವಳು ಊರುಗೋಲು ಎಳೆದುಕೊಂಡು ಎದ್ದಳು. “ನನ್ನ ಚಪ್ಪಲಿ ಎಲ್ಲಿದೆ ನೋಡಿ” ಎಂದಳು.

ತಮ್ಮ ಇಲ್ಲದೆ ಆ ಮೂವತ್ತಾರು ಮೆಟ್ಟಿಲನ್ನು ಅವಳು ಇಳಿದದ್ದು ಅದೇ ಮೊದಲು. ನಾನು ಅವನಂತೆ ಮುಂದೆ ನಿಂತು ಹಿಂದಕ್ಕೆ ಇಳಿಯಲು ಹೋಗಿ ಎರಡು ಸಲ ನಾನೇ ಬೀಳುವವನಿದ್ದೆ. “ನೀವು ಪಕ್ಕಕ್ಕಿರಿ ಸಾಕು” ಎಂದಳು. ವರ್ಕ್‌ಶಾಪಿಗೆ ಹೋಗಲು ಅರ್ಧ ಗಂಟೆ ಹಿಡಿಯಿತು.

ಭಾಮೈದ ಉಪಕರಣಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮರದ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದ. ಅಕ್ಕನನ್ನು ಕಂಡು ಎದ್ದು ಸ್ಟೂಲು ತಂದ. ಅವಳು ಕೂರಲಿಲ್ಲ. ಊರುಗೋಲಿನ ಮೇಲೆ ನಿಂತೇ ನನಗೆ ಹೇಳಿದ್ದೆಲ್ಲವನ್ನೂ ಅವನಿಗೂ ಹೇಳಿದಳು. ಒಂದು ಮಾತನ್ನೂ ಮೆದು ಮಾಡಲಿಲ್ಲ. “ಬ್ರೇಕ್ ಸರಿಯಾಗಿತ್ತು ಕಣೋ. ನಾನು ಸುಳ್ಳು ಹೇಳ್ದೆ” ಎಂದು ಮುಗಿಸಿದಳು.

ಅವನು ಜೇಬಿನಿಂದ ಆ ತುಂಡು ಕೇಬಲ್ ತೆಗೆದು ನೋಡಿದ. ಸೋರುತ್ತಿದ್ದ ನಲ್ಲಿಯ ಕೆಳಗಿನ ಕಸದ ಡಬ್ಬಿಗೆ ಹಾಕಿದ. “ನಾಲ್ಕು ತಿಂಗಳು ನಾನು ನಿನ್ನ ಕೋಲಿನ ತಿರುಪು ನೋಡ್ತಿದ್ದೆ. ನೀನು ಎಲ್ಲ ಗೊತ್ತಿದ್ದೂ ನೋಡ್ತಿದ್ಯಲ್ಲ ನನ್ನ” ಎಂದ. ಅವಳು “ಹೌದು” ಎಂದಳು. “ನಾನು ವರ್ಕ್‌ಶಾಪ್ ಮುಚ್ಚದೇ ಇದ್ದಿದ್ರೆ ಹೇಳ್ತಿದ್ಯಾ? ಗೋದಾಮಿಗೆ ಹೋಗ್ತೀನಿ ಅನ್ದೇ ಇದ್ದಿದ್ರೆ?” ಅವನು ನಮಗೆ ಬೆನ್ನು ಹಾಕಿ ಮತ್ತೆ ಸ್ಪ್ಯಾನರ್ ಒರೆಸತೊಡಗಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕ್ಷಮಿಸು ಎನ್ನುವುದಕ್ಕೆ ನಾಲ್ಕು ಹೆಜ್ಜೆ ಮುಂದೆ ಹೋಗಬೇಕಿತ್ತು, ಹೋಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ಬಾಗಿಲು ತಟ್ಟುವ ಸದ್ದಿಲ್ಲ. ಮಂಗಳವಾರವೂ ಇಲ್ಲ. ಹನ್ನೊಂದು ದಿನ ಬರಲಿಲ್ಲ. ಆ ಹನ್ನೊಂದು ದಿನ ನಮ್ಮ ಮನೆಯಲ್ಲಿ ಹತ್ತು ಗಂಟೆ ಎಂಬುದು ಒಂದು ಶಿಕ್ಷೆಯಾಗಿತ್ತು. ಅವಳು ವರ್ಕ್‌ಶಾಪಿಗೆ ಹೋಗಿ ನೋಡಿ ಬನ್ನಿ ಎನ್ನುವಳು, ನಾನು ರಸ್ತೆಯ ಈ ಬದಿಯಿಂದಲೇ ಇಣುಕಿ ಬರುವೆ. ಶಟರ್ ಅರ್ಧ ಎಳೆದಿರುತ್ತಿತ್ತು. ಒಳಗೆ ಸುತ್ತಿಗೆಯ ಸದ್ದು. ಏನು ಮಾಡುತ್ತಿದ್ದಾನೆಂದು ತಿಳಿಯದು. ಕೆಟ್ಟ ಯೋಚನೆಗಳಿಗೆ ನನ್ನಲ್ಲಿ ಯಾವತ್ತೂ ಬರವಿಲ್ಲ. ಊರು ಬಿಡುತ್ತಾನೆ, ಇನ್ನು ಮುಖ ತೋರಿಸುವುದಿಲ್ಲ, ಏನಾದರೂ ಮಾಡಿಕೊಂಡರೆ ಎಂದೆಲ್ಲ ಒಬ್ಬನೇ ನೇಯುತ್ತಿದ್ದೆ.

ಅವಳು ಆ ದಿನಗಳಲ್ಲಿ ಇನ್ನೊಂದು ಕೆಲಸ ಮಾಡಿದಳು. ತನಗಾಗಿ ಕಾದಿದ್ದ ಶಿಷ್ಯೆಯರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ಇಂಥೋಳ ಹತ್ರ ಕಲೀಬೇಕಾ ಬೇಡ್ವಾ, ಯೋಚನೆ ಮಾಡಿ” ಎಂದಳು. ಏಳು ಜನರಲ್ಲಿ ಮೂವರು ಯೋಚನೆ ಮಾಡಿ ಬೇಡವೆಂದರು. ಆ ಅರವತ್ತು ದಾಟಿದ ಅಜ್ಜಿ ಮಾತ್ರ, “ಅಯ್ಯೋ, ನಾನು ಮೂವತ್ತು ವರ್ಷದಿಂದ ಗಂಡನ ಹಿಂದೆ ಕೂತು ಬರೀ ಬಾಯಲ್ಲೇ ಗಾಡಿ ಓಡಿಸಿದ್ದೀನಿ. ನಿಮ್ಮ ಕಷ್ಟ ನಂಗಾಗತ್ತೆ ಬಿಡಿ” ಎಂದಳಂತೆ. ಹನ್ನೊಂದು ದಿನದಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ನಕ್ಕಿದ್ದು ಆಗ ಒಮ್ಮೆ.

ಹನ್ನೆರಡನೇ ದಿನ ಕೆಳಗೆ ಗಾಡಿಯ ಸದ್ದಾಯಿತು. ಅವಳು ಊರುಗೋಲು ಮರೆತು, ಗೋಡೆ ಹಿಡಿದುಕೊಂಡೇ ಕಿಟಕಿಗೆ ಬಂದಳು. ಅವಳದೇ ಗಾಡಿ. ಬಾಗಿದ್ದ ಮುಂದಿನ ಫೋರ್ಕು ನೆಟ್ಟಗಾಗಿದೆ, ಹೊಸ ಕೇಬಲ್, ಹೊಸ ಸರಳು. ಭಾಮೈದ ಮೇಲೆ ಬರಲಿಲ್ಲ. ಕೆಳಗಿನಿಂದಲೇ, “ಡಾಕ್ಟ್ರು ಗಾಡಿ ಹತ್ಬಹುದು ಅಂದ್ರಾ?” ಎಂದು ಕೇಳಿದ. ನಿಧಾನವಾಗಿ, ಬಯಲಿನಲ್ಲಾದರೆ ಹತ್ತಬಹುದು ಎಂದಿದ್ದರು. “ಸಂಜೆ ಬಯಲಿಗೆ ಬಾ. ಒಂದು ಬಾಟಲಿ ನೀರು ತಗೊಂಡು ಬಾ” ಎಂದು ಹೊರಟೇಹೋದ. ಒಂದನೇ ತಾರೀಕಿಗೆ ಇನ್ನು ಆರು ದಿನವಿತ್ತು. ಗೋದಾಮಿನ ವಿಷಯ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ನೀರು ಕುಡಿಯಲಿಕ್ಕಲ್ಲ ಎಂದು ಬಯಲಿಗೆ ಹೋದ ಮೇಲೆ ತಿಳಿಯಿತು. “ಬಾಯಿ ತುಂಬ ನೀರು ತುಂಬ್ಕೋ. ನುಂಗಬಾರದು, ಉಗುಳಬಾರದು” ಎಂದ. “ಬಾಯಿ ಖಾಲಿ ಇದ್ರೆ ತಾನೇ ಅದು ಮೊದಲು ಓಡೋದು? ಅದಕ್ಕೆ ಬೇರೆ ಕೆಲಸ ಕೊಡು. ಆಗ ಕೈ ಎದ್ದೇಳತ್ತೋ ಇಲ್ವೋ ನೋಡೋಣ.” ಆ ದನಿಯಲ್ಲಿ ಉಪಾಯವೆಷ್ಟು, ಸಿಟ್ಟೆಷ್ಟು ಎಂದು ನನಗೆ ಬೇರ್ಪಡಿಸಲಾಗಲಿಲ್ಲ. ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳಿಗೆ ಮತ್ತೆ ಬಾಯಿ ಮುಚ್ಚಿಕೋ ಎನ್ನುವ ಹಕ್ಕು ಅವನಿಗಿತ್ತು. ಅವಳು ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಹೆಲ್ಮೆಟ್ ಹಾಕಿ ಹತ್ತಿದಳು. ಬಲಗಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟುಕೊಂಡಳು.

ಅವನು ಗೋಡೆಯ ಮರೆಯಲ್ಲಿ ನಿಂತು, ಅವಳು ಹತ್ತಿರ ಬಂದಾಗ ಹಳೆಯ ಟೈರೊಂದನ್ನು ದಾರಿಗೆ ಉರುಳಿಸಿದ. ಹೆಲ್ಮೆಟ್ಟಿನೊಳಗಿನಿಂದ ನೀರು ಚಿಮ್ಮಿತು, “ಬ್ರೇಕ್!” ಎಂಬ ಕೂಗು ಕೇಳಿತು, ಗಾಡಿ ಟೈರನ್ನು ಗುದ್ದಿ ವಾಲಿತು. ಅವನು ಓಡಿ ಬಂದು ಹಿಡಿದುಕೊಂಡ. “ಇನ್ನೊಂದ್ಸಲ” ಎಂದ. ಎರಡನೇ ಸಲವೂ ಹಾಗೇ. ಮೂರನೇ ಸಲ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. “ಸಾಕು ಮಾಡ್ರೋ, ಮೂಳೆ ಇನ್ನೂ ಹಸಿ ಇದೆ” ಎಂದು ನಾನು ಅಂಗಲಾಚಿದೆ. ಇಬ್ಬರೂ ನನ್ನತ್ತ ತಿರುಗಲಿಲ್ಲ. ಅಂದು ಒಮ್ಮೆಯೂ ಕೈ ಏಳಲಿಲ್ಲ. ಮನೆಗೆ ಬಂದು ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. “ಬರದೇ ಇದ್ರೆ?” ಎಂದಳು. “ಬರತ್ತೆ” ಎಂದೆ. ನನಗೇ ನಂಬಿಕೆ ಇರಲಿಲ್ಲ.

ಮೂರನೆಯ ಸಂಜೆ ಅರ್ಧ ಕೂಗು, ಅರ್ಧ ಬ್ರೇಕು. ಟೈರಿಗೆ ತಾಗಿ ನಿಂತಿತು. ನಾಲ್ಕನೆಯ ಸಂಜೆ ಏಳು ಸಲ ಟೈರು ಬಂತು, ನಾಲ್ಕು ಸಲ ನೀರು ಬಾಯಲ್ಲೇ ಉಳಿಯಿತು. ಭಾಮೈದ ಶಭಾಷ್ ಎನ್ನಲಿಲ್ಲ. ಪ್ರತಿ ಸಲ ಗಾಡಿ ನಿಂತಾಗ ಬಗ್ಗಿ ಟೈರಿಗೂ ಚಕ್ರಕ್ಕೂ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ, ಹಿಂದಿನ ಚಕ್ರದ ಬ್ರೇಕ್ ಡ್ರಮ್ ಮುಟ್ಟಿ ನೋಡುತ್ತಿದ್ದ, ಎದ್ದು ಹೋಗುತ್ತಿದ್ದ.

ಒಂದನೇ ತಾರೀಕಿನ ಹಿಂದಿನ ಸಂಜೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಆವತ್ತು ಟೈರು ಉರುಳಿದ ಒಂಬತ್ತು ಸಲವೂ ಅವಳು ಸದ್ದಿಲ್ಲದೆ ನಿಲ್ಲಿಸಿದಳು. ಹತ್ತನೆಯ ಸುತ್ತಿಗೆ ದೂರದ ತುದಿಯಿಂದ ತಿರುಗಿಸಿಕೊಂಡು ಬರುತ್ತಿದ್ದಳು, ಹಿಂದಿನ ಸುತ್ತುಗಳಿಗಿಂತ ಕೊಂಚ ಜೋರಾಗಿ. ನಾನು ಟೈರು ಬರಲಿ ಎಂದು ಗೋಡೆಯ ಕಡೆ ನೋಡುತ್ತಿದ್ದೆ. ಟೈರು ಬರಲಿಲ್ಲ. ಭಾಮೈದನೇ ಹೊರಗೆ ಬಂದ. ನಾಲ್ಕು ಹೆಜ್ಜೆ ನಡೆದು, ದಾರಿಯ ನಡುಮಧ್ಯದಲ್ಲಿ, ಗಾಡಿಗೆ ಎದುರಾಗಿ, ಕೈ ಕಟ್ಟಿಕೊಂಡು ನಿಂತ.

“ಬ್ರೇಕ್!” ಎಂದು ಕೂಗಿದವನು ನಾನು. ಪಾರಿವಾಳಗಳು ಎದ್ದವು. ಕೂಗಿ, ಕಣ್ಣು ಮುಚ್ಚಿಕೊಂಡೆ. ಮಣ್ಣು ಕೆರೆದ ಸದ್ದು, ಆಮೇಲೆ ಎಂಜಿನ್ ಆರಿದ ಸದ್ದು. ಕಣ್ಣು ಬಿಟ್ಟರೆ ಮುಂದಿನ ಚಕ್ರಕ್ಕೂ ಅವನ ಮೊಣಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು. ಅವಳ ಬಲಗೈಯ ಬೆರಳುಗಳು ಬ್ರೇಕಿನ ಮೇಲೆ ಬಿಳಿಚಿಕೊಂಡಿದ್ದವು. ಕೆನ್ನೆಗಳು ಇನ್ನೂ ಉಬ್ಬಿಯೇ ಇದ್ದವು.

ಅವನು ಅಕ್ಕನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದ. ಆಸ್ಪತ್ರೆಯ ದಿನದಿಂದ ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ಆವತ್ತೂ ಹೀಗೇ ನಿಲ್ತಿತ್ತು ಭಾವ. ನಾನು ಸರಿಯಾಗೇ ಹಾಕಿದ್ದೆ.”

“ಹೌದಪ್ಪ, ನೀನು ಸರಿಯಾಗೇ ಹಾಕಿದ್ದೆ. ತಪ್ಪು ನಮ್ಮದು. ಬಾಯಿಗೆ ಬಂದ ಹಾಗೆ ಆಡಿದ್ದು ನನ್ನ ತಪ್ಪು” ಎಂದೆ.

“ಇನ್ನೊಂದ್ಸಲ ಹೇಳಿ.”

ಹೇಳಿದೆ. ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಪೂರ್ತಿ ಹೇಳಿದೆ. ಅವಳು ಹೆಲ್ಮೆಟ್ ತೆಗೆದು, ನೀರು ನುಂಗಿ, ಗಾಡಿಯ ಮೇಲೆಯೇ ಕೂತು ಅಳತೊಡಗಿದಳು.

ಭಾಮೈದ ಸ್ವಲ್ಪ ದೂರ ನಡೆದು ಹೋಗಿ ಜೇಬಿನಿಂದ ಫೋನ್ ತೆಗೆದ. ನಮಗೆ ಬೆನ್ನು ಮಾಡಿ ನಿಂತು ಗೋದಾಮಿನವರೊಂದಿಗೆ ಮಾತಾಡಿದ. “ಇಲ್ಲ ಸಾರ್, ನಾಳೆಯಿಂದ ಬರಲ್ಲ” ಎಂದ. ಆ ಕಡೆಯವರು ಏನೋ ಕೇಳಿರಬೇಕು.

“ನಾನು ಮೆಕ್ಯಾನಿಕ್ ಸಾರ್” ಎಂದ.